ಪ್ರಾಚೀನ ಗ್ರಂಥಗಳ ಅನುವಾದಕ್ಕೆ ಯಾವ ವಿಷಯ ಓದಬೇಕು?

ಕಲಬುರಗಿ, ಸೇಡಂ, ಶಹಾಪುರದ ಕಡೆಯ ವಿದ್ಯಾರ್ಥಿಗಳು ಪ್ರವೇಶದ ದಿನಗಳಲ್ಲಿ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ಹಳೆಯ ಗ್ರಂಥಗಳನ್ನೂ ಶಾಸನಗಳನ್ನೂ ಅನುವಾದಿಸುವ ಆಸೆಯಿದೆ, ಅದಕ್ಕೆ ಇತಿಹಾಸ ಓದಬೇಕೋ, ಭಾಷಾವಿಜ್ಞಾನವೋ, ಅನುವಾದ ಅಧ್ಯಯನವೋ? ಈ ಕೆಲಸವನ್ನೇ ವೃತ್ತಿಯಾಗಿಸಿಕೊಂಡಿರುವ ನಾನು ಅವರಿಗೆ ಹೇಳುವುದಿಷ್ಟೇ. ವಿಭಾಗದ ಹೆಸರನ್ನು ಸದ್ಯಕ್ಕೆ ಬದಿಗಿಟ್ಟು, ಯಾವ ಭಾಷೆಯ ಯಾವ ಕಾಲದ ಪಠ್ಯವನ್ನು ಓದಬೇಕೆಂಬುದನ್ನು ಮೊದಲು ತೀರ್ಮಾನಿಸಿ. ಆ ಭಾಷೆಯ ವ್ಯಾಕರಣವನ್ನು ಕಲಿಸಿ, ಮೂಲವನ್ನು ಸಾಲುಸಾಲಾಗಿ ಓದಿಸುವ ಕಡೆ ಸೇರಿಕೊಳ್ಳಿ.

ಪ್ರಾಚೀನ ಪಠ್ಯವೆಂಬುದು ಒಂದೇ ವಿಷಯವಲ್ಲ ಎನ್ನುವುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಕನ್ನಡದ ಕವಿರಾಜಮಾರ್ಗವೂ ಸಂಸ್ಕೃತದ ಗಣಿತಸಾರಸಂಗ್ರಹವೂ ಹುಟ್ಟಿದವು. ಮರುಶತಮಾನದಲ್ಲಿ ಅದೇ ಊರಿನಲ್ಲಿ ಪುಷ್ಪದಂತನು ಪ್ರಾಕೃತದ ನಂತರದ ರೂಪವಾದ ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣವನ್ನು ರಚಿಸಿದನು. ಭೀಮಾತೀರದ ಸನ್ನತಿ, ಕನಗನಹಳ್ಳಿಗಳ ಕಲ್ಲುಗಳಲ್ಲಿರುವುದು ಬ್ರಾಹ್ಮೀ ಲಿಪಿಯ ಪ್ರಾಕೃತ. ಬೀದರಿಗೆ ಬಂದರೆ ಫಾರಸಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಾನು ಸಾಮಾನ್ಯವಾಗಿ ಸೂಚಿಸುವುದು ಕನ್ನಡ ಎಂ.ಎ. ಮತ್ತು ಅದರ ಜೊತೆಗೆ, ಪದವಿಯ ಮೊದಲ ವರ್ಷದಿಂದಲೇ, ಸಂಸ್ಕೃತ. ಎಂ.ಎ.ಯಲ್ಲಿ ಆಯ್ಕೆಗೆ ಅವಕಾಶವಿದ್ದಲ್ಲೆಲ್ಲ ಹಳಗನ್ನಡ ಕಾವ್ಯ, ವ್ಯಾಕರಣ, ಛಂದಸ್ಸು, ಶಾಸನಶಾಸ್ತ್ರ, ಹಸ್ತಪ್ರತಿಗಳನ್ನು ಹೋಲಿಸಿ ಸರಿಯಾದ ಪಾಠವನ್ನು ನಿರ್ಧರಿಸುವ ಗ್ರಂಥಸಂಪಾದನೆ, ಇವುಗಳನ್ನೇ ತೆಗೆದುಕೊಳ್ಳಬೇಕು. ಹೊಸ ಸಾಹಿತ್ಯವನ್ನು ಮನೆಯಲ್ಲಿಯೂ ಓದಿಕೊಳ್ಳಬಹುದು, ಹಳಗನ್ನಡದ ವ್ಯಾಕರಣಗ್ರಂಥವಾದ ಶಬ್ದಮಣಿದರ್ಪಣವನ್ನು ಗುರುಗಳಿಲ್ಲದೆ ಓದುವುದು ಕಷ್ಟ. ಸಂಸ್ಕೃತ ಏಕೆ ಬೇಕೆಂದರೆ, ನಮ್ಮ ಭಾಗದ ಚಾಲುಕ್ಯರ ಕಾಲದ ಎಷ್ಟೋ ಶಾಸನಗಳು ಸಂಸ್ಕೃತ ಶ್ಲೋಕದಿಂದ ಆರಂಭವಾಗಿ, ಸಂಸ್ಕೃತ ಸಮಾಸಗಳು ತುಂಬಿದ ರಾಜಪ್ರಶಸ್ತಿಯನ್ನು ದಾಟಿ, ದಾನದ ವಿವರಕ್ಕೆ ಬರುವಾಗ ಸರಳ ಕನ್ನಡಕ್ಕೆ ಇಳಿಯುತ್ತವೆ. ಚಿತ್ತಾಪುರದ ಬಳಿಯ ನಾಗಾವಿಯ 1058ರ ಶಾಸನವು ಅಲ್ಲಿನ ಘಟಿಕಾಸ್ಥಾನದಲ್ಲಿ, ಎಂದರೆ ಉನ್ನತ ವಿದ್ಯಾಕೇಂದ್ರದಲ್ಲಿ, ಓದುತ್ತಿದ್ದವರನ್ನು, ಬೋಧಿಸುತ್ತಿದ್ದವರನ್ನು, ಗ್ರಂಥಭಂಡಾರವನ್ನು ನೋಡಿಕೊಳ್ಳುತ್ತಿದ್ದವರನ್ನು ಸಹ ಹೆಸರಿಸುತ್ತದೆ. ಇಂಥದನ್ನು ಅನುವಾದಿಸುವವರಿಗೆ ಆ ಕಾಲದ ಶಾಸ್ತ್ರಪಾಠಗಳು, ಭೂದಾನದ ವ್ಯವಸ್ಥೆ, ಅಳತೆ, ನಾಣ್ಯ ಎಲ್ಲವೂ ತಿಳಿದಿರಬೇಕು. ಶಕವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ ಸಿಗುತ್ತದೆ. ಆದರೆ ಆರನೆಯ ವಿಕ್ರಮಾದಿತ್ಯನ ಶಾಸನಗಳಲ್ಲಿ 1076ರಿಂದ ಆರಂಭವಾಗುವ ಚಾಲುಕ್ಯ ವಿಕ್ರಮ ವರ್ಷದ ಲೆಕ್ಕ ಬರುತ್ತದೆ. ಇತಿಹಾಸದ ಅಗತ್ಯ ಇರುವುದು ಇಲ್ಲಿ. ಹಾಗೆಂದು ಇತಿಹಾಸದ ಪದವಿಯೊಂದನ್ನೇ ನಂಬಿದವರು ಕೊನೆಗೆ ಬೇರೆಯವರು ಓದಿಕೊಟ್ಟ ಪಾಠವನ್ನೇ ಆಶ್ರಯಿಸಬೇಕಾಗುತ್ತದೆ. ಆದ್ದರಿಂದ ಪದವಿ ಭಾಷೆಯದಿರಲಿ, ಇತಿಹಾಸ ಜೊತೆಯ ಓದಾಗಿರಲಿ ಎಂಬುದು ನನ್ನ ಅಭಿಪ್ರಾಯ.

ಉರ್ದು ಮಾಧ್ಯಮದಲ್ಲಿ ಓದಿದ ನಮ್ಮ ಭಾಗದ ಮಕ್ಕಳಿಗೆ ಫಾರಸಿಯ ದಾರಿ ಅರ್ಧ ತೆರೆದೇ ಇದೆ, ಆದರೆ ಆ ಕಡೆ ನೋಡುವವರು ಕಡಿಮೆ. ಉರ್ದು, ಫಾರಸಿ ಎರಡಕ್ಕೂ ಬಳಸುವ ನಸ್ತಾಲಿಕ್ ಬರಹ ಅವರಿಗೆ ಬಾಲ್ಯದಿಂದಲೇ ಗೊತ್ತು, ಶಬ್ದಸಂಪತ್ತಿನಲ್ಲಿ ದೊಡ್ಡ ಪಾಲು ಪರಿಚಿತ. ಆದರೂ ಉರ್ದು ಬಂದರೆ ಫಾರಸಿ ಬಂದಂತೆ ಎಂದು ಭಾವಿಸಬಾರದು: ಕ್ರಿಯಾಪದದ ರೂಪಗಳೂ ವಾಕ್ಯದ ಕಟ್ಟಡವೂ ಬೇರೆಯೇ. 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನನ ಪತ್ರಗಳ ಗದ್ಯವಂತೂ ಅಲಂಕಾರದಿಂದ ತುಂಬಿದ್ದು, ವ್ಯಾಕರಣ ಗಟ್ಟಿಯಿಲ್ಲದವರನ್ನು ಮೊದಲ ಪುಟದಲ್ಲಿಯೇ ನಿಲ್ಲಿಸುತ್ತದೆ. ಕಲಬುರಗಿಯ ಸಂತ ಬಂದೇನವಾಜರ ಪರಂಪರೆಯ ಸೂಫಿ ಗ್ರಂಥಗಳಿಗೆ ಕೈಹಾಕುವವರು ಕುರಾನ್ ಮತ್ತು ಹದೀಸಿನ ಉಲ್ಲೇಖಗಳನ್ನು ಗುರುತಿಸುವಷ್ಟಾದರೂ ಅರಬಿ ಕಲಿಯಬೇಕು. ದಫ್ತರದ ಕಾಗದಗಳನ್ನು ಓದುವವರು ಶಿಕಸ್ತಾ ಎಂಬ ವೇಗದ ಮುರುಕು ಬರಹವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕು. ಫಾರಸಿಯಿಂದ ನೇರವಾಗಿ ಕನ್ನಡಕ್ಕೆ ತರಬಲ್ಲವರು ವಿರಳ, ಹಾಗಾಗಿ ಇಲ್ಲಿ ಕೆಲಸ ಬೇಕಾದಷ್ಟಿದೆ.

ಪ್ರಾಕೃತವನ್ನು ಸಂಸ್ಕೃತದ ಮೂಲಕ ಹೋಗಿ ಕಲಿಯುವುದೇ ಲೇಸು. ಭಾಷಾವಿಜ್ಞಾನವು ಭಾಷೆಯ ರಚನೆಯನ್ನು ವಿವರಿಸುತ್ತದೆ, ಅನುವಾದ ಅಧ್ಯಯನವು ಅನುವಾದದ ಸಮಸ್ಯೆಗಳನ್ನು ಚರ್ಚಿಸುತ್ತದೆ. ಇವೆರಡೂ ಮೂಲಭಾಷೆ ಕೈಗೆ ಬಂದ ನಂತರ ಉಪಯುಕ್ತ, ಅದಕ್ಕೂ ಮೊದಲು ಅಲ್ಲ.

ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕನ್ನಡ, ಸಂಸ್ಕೃತ, ಉರ್ದು ಮತ್ತು ಫಾರಸಿ ವಿಭಾಗಗಳಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರಕ್ಕೆಂದೇ ವಿಭಾಗವಿದೆ. ಎಲ್ಲಿಯೇ ಸೇರುವುದಿದ್ದರೂ ಹಣ ಕಟ್ಟುವ ಮುಂಚೆ ಪಠ್ಯಕ್ರಮವನ್ನು ತರಿಸಿಕೊಂಡು, ಅದರಲ್ಲಿ ಮೂಲಪಠ್ಯ ಓದುವ ಪತ್ರಿಕೆಗಳು ಎಷ್ಟು, ಸಾಹಿತ್ಯ ಚರಿತ್ರೆಯ ಪತ್ರಿಕೆಗಳು ಎಷ್ಟು ಎಂದು ನೋಡಬೇಕು. ಉದ್ಯೋಗದ ವಿಚಾರದಲ್ಲಿ ಭ್ರಮೆ ಬೇಡ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆಗಳು, ಸಂಸ್ಕೃತ ಮತ್ತು ದ್ರಾವಿಡ ಭಾಷೆಗಳಿಗೆ ಮೈಸೂರಿನಲ್ಲಿ, ಅರಬಿ ಮತ್ತು ಫಾರಸಿಗೆ ನಾಗಪುರದಲ್ಲಿ ಇವೆ. ಹುದ್ದೆಗಳು ಮಾತ್ರ ಕಡಿಮೆ. ಅನುವಾದಕರಲ್ಲಿ ಹೆಚ್ಚಿನವರ ಜೀವನ ನಡೆಯುವುದು ಅಧ್ಯಾಪನದಿಂದ, ಆದ್ದರಿಂದ ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ನೆಟ್ ಪರೀಕ್ಷೆ ಬರೆಯಬಹುದಾದ ವಿಷಯದಲ್ಲಿಯೇ ಎಂ.ಎ. ಇರುವುದು ಕ್ಷೇಮ, ಕನ್ನಡ, ಸಂಸ್ಕೃತ, ಫಾರಸಿ, ಅರಬಿ, ಪ್ರಾಕೃತ ಎಲ್ಲವೂ ಆ ಪಟ್ಟಿಯಲ್ಲಿವೆ.