ಮರಿ ಸೀಗಡಿಯನ್ನು ನುಂಗದ ಫಿಲ್ಟರ್

ಬೆಳಿಗ್ಗೆ ಲೈಟ್ ಹಾಕಿ ನೋಡಿದರೆ ತಾಯಿ ಸೀಗಡಿಯ ಹೊಟ್ಟೆ ಖಾಲಿ. ಹಿಂದಿನ ದಿನದವರೆಗೂ ಹೊಟ್ಟೆಯಡಿ ಇಪ್ಪತ್ತು ಇಪ್ಪತ್ತೈದು ಮೊಟ್ಟೆ ಅವುಚಿಕೊಂಡು ಓಡಾಡುತ್ತಿತ್ತು. ಅಂದರೆ ಮರಿಗಳಾಗಿವೆ. ಆದರೆ ಎಲ್ಲಿ? ಗಾಜಿಗೆ ಮೂಗು ಒತ್ತಿ ಅರ್ಧ ಗಂಟೆ ಹುಡುಕಿದೆ. ಸಿಕ್ಕಿದ್ದು ಎರಡೇ. ಮೂರು ದಿನ ಬಿಟ್ಟು, ತೊಟ್ಟಿಯ ಹಿಂಬದಿಗೆ ನೇತುಹಾಕಿದ್ದ ಫಿಲ್ಟರ್ ಬಿಚ್ಚಿದೆ. ಡಬ್ಬಿಯ ತಳದ ಕೊಳೆಯಲ್ಲಿ ಆರೇಳು ಮರಿಗಳು ಆರಾಮಾಗಿ ಮೇಯುತ್ತಿದ್ದವು. ಉಳಿದವು ಮೋಟರಿನ ರೆಕ್ಕೆಗೆ ಸಿಕ್ಕಿರಬೇಕು.

ನಾನು ಸಾಕುವುದು ಚೆರ್ರಿ ಸೀಗಡಿ. ಮೂಲ ತೈವಾನ್, ಚೀನಾ ಕಡೆಯ ಸಿಹಿನೀರು. ಕಾಡಿನಲ್ಲಿ ಇದಕ್ಕೆ ಮಣ್ಣಿನ ಬಣ್ಣ, ಈ ಕೆಂಪು ಮನುಷ್ಯರು ಆರಿಸಿ ಆರಿಸಿ ತಂದದ್ದು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಅಮಾನೊ ಸೀಗಡಿಯ ಮರಿ ದೊಡ್ಡದಾಗಲು ಉಪ್ಪುನೀರು ಬೇಕು. ಚೆರ್ರಿಗೆ ಆ ರಗಳೆ ಇಲ್ಲ. ಮೂರು ನಾಲ್ಕು ವಾರ ಮೊಟ್ಟೆ ಹೊತ್ತು, ಕಾಲು ಬೀಸಿ ಬೀಸಿ ಗಾಳಿಯಾಡಿಸುತ್ತದೆ. ಹೊರಬರುವ ಮರಿ ಅಪ್ಪ ಅಮ್ಮನದೇ ಪಡಿಯಚ್ಚು, ಸಾಸಿವೆ ಕಾಳಿನಷ್ಟು ಉದ್ದ ಅಷ್ಟೇ. ಸುಮಾರು 2 ಮಿಲಿಮೀಟರ್. ನೀರು ಎಳೆದ ಕಡೆ ಹೋಗುವುದು ಬಿಟ್ಟು ಅದಕ್ಕೆ ಬೇರೆ ದಾರಿ ಇಲ್ಲ.

ಹಾಗಾಗಿ ಫಿಲ್ಟರ್ ಕೊಳ್ಳುವಾಗ ‘ಗಂಟೆಗೆ ಎಷ್ಟು ಲೀಟರ್’ ಅಂತ ಕೇಳುವುದಕ್ಕಿಂತ ‘ಬಾಯಿ ಎಷ್ಟು ಅಗಲ’ ಅಂತ ಕೇಳುವುದು ಒಳ್ಳೆಯದು. ಒಂದು ಲೆಕ್ಕ ನೋಡಿ. ಮೋಟರಿನ ಕೊಳವೆಗೆ ನೀರು ನುಗ್ಗುವ ಸೀಳುಗಳೆಲ್ಲ ಸೇರಿ 2 ಚದರ ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಅದರ ಮೇಲೆ 6 ಸೆಂಟಿಮೀಟರ್ ಅಡ್ಡಳತೆ, 7 ಸೆಂಟಿಮೀಟರ್ ಎತ್ತರದ ದುಂಡು ಸ್ಪಂಜ್ ತೊಡಿಸಿ. ಈಗ ಅದೇ ನೀರು ಸುತ್ತಲಿನ ಸುಮಾರು 130 ಚದರ ಸೆಂಟಿಮೀಟರಿನಿಂದ ಒಳಗೆ ಹೋಗಬೇಕು. ಸೆಳೆತ ಅರವತ್ತು ಪಟ್ಟು ಕಡಿಮೆಯಾಯಿತು ಅಲ್ವಾ? ಮರಿ ಅದರ ಮೇಲೇ ನಡೆದಾಡಿಕೊಂಡಿರುತ್ತದೆ. ಕೊಳವೆಗೆ ಸ್ಟೀಲ್ ಜಾಲರಿ ಕಟ್ಟುವವರೂ ಇದ್ದಾರೆ. ಕಣ್ಣು ದೊಡ್ಡದಿದ್ದರೆ ಮರಿ ನುಸುಳುತ್ತದೆ, ಸಣ್ಣದಿದ್ದರೆ ಬೇಗ ಕಟ್ಟಿಕೊಳ್ಳುತ್ತದೆ. ನನಗಂತೂ ಅದು ಬೇಡ.

ಇನ್ನೂ ಸರಳವಾದದ್ದು, ಅಗ್ಗವಾದದ್ದು ಬರೀ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್. ಇದರಲ್ಲಿ ನೀರಿಗೆ ತಗಲುವ ಮೋಟರೇ ಇಲ್ಲ. ಸ್ಪಂಜಿನ ನಡುವಿನ ಕೊಳವೆಗೆ ಗಾಳಿ ಬಿಟ್ಟರೆ ಗುಳ್ಳೆಗಳು ಮೇಲೇಳುತ್ತವೆ. ಗುಳ್ಳೆ ಬೆರೆತ ನೀರು ಹಗುರ. ಹಗುರವಾದದ್ದು ಮೇಲಕ್ಕೆ ಹೋಗುತ್ತದೆ, ಖಾಲಿಯಾದ ಜಾಗಕ್ಕೆ ಸ್ಪಂಜಿನ ಮೂಲಕ ಹೊಸ ನೀರು ಬರುತ್ತದೆ. ನೋಡಲು ಚೆನ್ನಾಗಿಲ್ಲ, ರಾತ್ರಿಯಿಡೀ ಬುಳುಬುಳು ಸದ್ದು ಬೇರೆ. ಆದರೂ ಮರಿ ಬೇಕಿದ್ದರೆ ನಾನು ಹೇಳುವುದು ಇದನ್ನೇ.

ಕಣ್ಣಿಗೆ ಕಾಣುವ ಕಸ ಹಿಡಿಯುವುದು ಫಿಲ್ಟರಿನ ಸಣ್ಣ ಕೆಲಸ. ದೊಡ್ಡ ಕೆಲಸ ಸ್ಪಂಜಿನೊಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳದ್ದು. ಸೀಗಡಿಯ ಹಿಕ್ಕೆ, ಉಳಿದ ಊಟ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಸಂಸಾರ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಇವತ್ತು ತೊಟ್ಟಿ ತುಂಬಿಸಿ ನಾಳೆ ಸೀಗಡಿ ಬಿಟ್ಟರೆ ಉಳಿಯುವುದು ಕಷ್ಟ. ಹಳೆಯ ಸ್ಪಂಜಿನ ಮೇಲೆ ಕಟ್ಟುವ ಲೋಳೆಯೂ ಸುಮ್ನೆ ಅಲ್ಲ. ಮರಿಗಳಿಗೆ ಮೊದಲ ದಿನದಿಂದ ಅದೇ ಊಟ.

ಕರೆಂಟ್ ಹೋದಾಗ? ಮುಚ್ಚಿದ ಡಬ್ಬಿಯ ಫಿಲ್ಟರ್ ಗಂಟೆಗಟ್ಟಲೆ ನಿಂತರೆ ಒಳಗಿನ ನೀರಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಸ್ಪಂಜ್ ತೊಟ್ಟಿಯೊಳಗೇ ಇರುವುದರಿಂದ ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ. ಏರ್ ಪಂಪನ್ನು ಮಾತ್ರ ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿದ್ದರೆ, ಪಂಪ್ ನಿಂತಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೇ ಬರಬಹುದು. ಕೆಳಗೇ ಇಡಬೇಕೆಂದರೆ ಪೈಪಿನ ನಡುವೆ, ನೀರನ್ನು ಹಿಂದಕ್ಕೆ ಬಿಡದ ಚೆಕ್ ವಾಲ್ವ್ ಹಾಕಿ. ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ.

ಸ್ಪಂಜ್ ತೊಳೆಯಲು ನಲ್ಲಿ ನೀರು ಬೇಡ, ಅದರ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದಲೇ ಒಂದು ಬಿಳಿ ಬಕೆಟ್ಟಿಗೆ ನೀರು ತೆಗೆದು, ಮೊದಲು ಸ್ಪಂಜನ್ನು ಮೆಲ್ಲಗೆ ಅಲ್ಲಾಡಿಸಿ. ಆಮೇಲೆ ಎರಡು ಮೂರು ಸಲ ಹಿಂಡಿ, ಹೊಳೆಯುವ ಹಾಗೆ ಉಜ್ಜಬೇಡಿ. ಬಕೆಟ್ಟಿನ ನೀರನ್ನು ಕೂಡಲೇ ಚೆಲ್ಲದೆ ಅರ್ಧ ಗಂಟೆ ಬಿಡಿ. ಕೆಸರು ತಳ ಹಿಡಿದ ಮೇಲೆ ಟಾರ್ಚ್ ಬಿಟ್ಟು ನೋಡಿ. ಹೋದ ಭಾನುವಾರ ನನ್ನ ಬಕೆಟ್ಟಿನಲ್ಲಿ ಹನ್ನೊಂದು ಮರಿಗಳಿದ್ದವು. ಟೀ ಚಮಚದಲ್ಲಿ ಒಂದೊಂದಾಗಿ ಎತ್ತಿ ತೊಟ್ಟಿಗೆ ಬಿಡುವ ಹೊತ್ತಿಗೆ ಮಧ್ಯಾಹ್ನದ ಊಟ ತಣ್ಣಗಾಗಿತ್ತು.