ಡಿಪಿಡಿಪಿ ಕಾಯ್ದೆಯ ದಂಡ: 250 ಕೋಟಿಯ ಆಚೆಗೆ ಓದಬೇಕಾದದ್ದು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎಂದೊಡನೆ ಎಲ್ಲರಿಗೂ ನೆನಪಾಗುವುದು 250 ಕೋಟಿ ರೂಪಾಯಿ. ಪರೀಕ್ಷೆಯ ಉತ್ತರದಲ್ಲಿ ಅಷ್ಟನ್ನೇ ಬರೆದರೆ ಸಾಲದು. ಅದು ಮೇಲ್ಮಿತಿ, ಅದೂ ಒಂದು ಬಗೆಯ ಲೋಪಕ್ಕೆ ಮಾತ್ರ. ಯಾವ ಹೊಣೆ ತಪ್ಪಿತು ಎಂಬುದನ್ನು ಮೊದಲು ಗುರುತಿಸಿ, ಮೊತ್ತಕ್ಕೆ ಆಮೇಲೆ ಬನ್ನಿ.

ದಂಡ ಹಾಕುವ ಅಧಿಕಾರ ಸೆಕ್ಷನ್ 33ರಲ್ಲಿದೆ, ಮೊತ್ತಗಳು ಅನುಸೂಚಿಯಲ್ಲಿವೆ. ತಕ್ಕಮಟ್ಟಿನ ಭದ್ರತಾ ಕ್ರಮ ಇಲ್ಲದಿದ್ದರೆ 250 ಕೋಟಿವರೆಗೆ. ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿವರೆಗೆ. ಮಕ್ಕಳ ದತ್ತಾಂಶದ ನಿಯಮ ಮುರಿದರೂ ಅಷ್ಟೇ. ದತ್ತಾಂಶವನ್ನು ಏಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವ ಸಂಸ್ಥೆಯೇ ಡೇಟಾ ಫಿಡುಷಿಯರಿ. 'ಮಹತ್ವದ ಡೇಟಾ ಫಿಡುಷಿಯರಿ' ಎಂದು ಸರ್ಕಾರ ಗುರುತಿಸಿದ ಸಂಸ್ಥೆ ತನ್ನ ಹೆಚ್ಚುವರಿ ಹೊಣೆ ತಪ್ಪಿದರೆ 150 ಕೋಟಿ, ಉಳಿದೆಲ್ಲ ಉಲ್ಲಂಘನೆಗೆ 50 ಕೋಟಿವರೆಗೆ. ಸುಳ್ಳು ದೂರು ಕೊಡುವಂಥ ತಪ್ಪಿಗೆ ವ್ಯಕ್ತಿಗೂ 10,000 ರೂಪಾಯಿವರೆಗೆ ದಂಡ ಉಂಟು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಒಂದು ಕಾಲ್ಪನಿಕ ಪ್ರಕರಣ ನೋಡೋಣ. ರಕ್ತಪರೀಕ್ಷೆಯ ವರದಿಯನ್ನು ಆ್ಯಪ್‌ನಲ್ಲಿ ಕೊಡುವ ಲ್ಯಾಬ್ ಒಂದಿದೆ. ವರದಿಗಳು ಹೊರಗುತ್ತಿಗೆ ಕಂಪನಿಯ ಸರ್ವರ್‌ನಲ್ಲಿವೆ. ಲಿಂಕ್‌ನ ಕೊನೆಯ ಅಂಕಿ ಬದಲಿಸಿದರೆ ಸಾಕು, ಲಾಗಿನ್ ಕೇಳದೆ ಇನ್ನೊಬ್ಬರ ವರದಿ ತೆರೆದುಕೊಳ್ಳುತ್ತದೆ. ಯಾರೋ ತೆರೆದು ನೋಡಿಯೂ ಆಗಿದೆ. ಲ್ಯಾಬ್‌ಗೆ ಗೊತ್ತಾಗುತ್ತದೆ, ಆ ರಾತ್ರಿಯೇ ಸರಿಪಡಿಸಿ ಸುಮ್ಮನಾಗುತ್ತದೆ.

'ತಪ್ಪು ಹೊರಗುತ್ತಿಗೆಯವರದು' ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಒಪ್ಪಂದದಲ್ಲಿ ಏನೇ ಬರೆದಿರಲಿ, ತನ್ನ ಪರವಾಗಿ ನಡೆಯುವ ಸಂಸ್ಕರಣೆಗೂ ಫಿಡುಷಿಯರಿಯೇ (ಇಲ್ಲಿ ಲ್ಯಾಬ್) ಹೊಣೆ ಎನ್ನುತ್ತದೆ ಸೆಕ್ಷನ್ 8. ಸರ್ವರ್ ಕಂಪನಿಯಿಂದ ನಷ್ಟ ವಸೂಲು ಮಾಡುವುದು ಅವರಿಬ್ಬರ ನಡುವಿನ ವ್ಯವಹಾರ. ಎರಡನೆಯದಾಗಿ, ಇಲ್ಲಿರುವುದು ಒಂದಲ್ಲ, ಎರಡು ಲೋಪ: ಭದ್ರತೆ ಇರಲಿಲ್ಲ, ಸೋರಿಕೆಯನ್ನು ತಿಳಿಸಲೂ ಇಲ್ಲ. ಅನುಸೂಚಿಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು. ಬೇಗ ಸರಿಪಡಿಸಿದ್ದು ಮೊದಲನೆಯದಕ್ಕೆ ಒಂದಿಷ್ಟು ನೆರವಾದೀತು, ಎರಡನೆಯದನ್ನು ಅಳಿಸುವುದಿಲ್ಲ.

2025ರ ನಿಯಮಗಳ ಪ್ರಕಾರ ತಿಳಿಸುವ ಕ್ರಮ ಹೀಗೆ. ಗೊತ್ತಾದ ಕೂಡಲೇ ಬಾಧಿತರಿಗೂ ದಂಡ ಹಾಕುವ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ಹೇಳಬೇಕು, 72 ಗಂಟೆಯೊಳಗೆ ಮಂಡಳಿಗೆ ವಿವರವಾದ ವರದಿ ಹೋಗಬೇಕು. 'ನೂರು ಜನರಿಗಿಂತ ಕಡಿಮೆ ಆದರೆ ಬೇಡ' ಎಂಬಂಥ ರಿಯಾಯಿತಿ ಏನೂ ಇಲ್ಲ. ರ್‍ಯಾನ್ಸಮ್‌ವೇರ್ ಬಂದು ಕಡತಗಳು ಲಾಕ್ ಆದರೆ, ಏನೂ ಹೊರಹೋಗದಿದ್ದರೂ ಅದು ಸೋರಿಕೆಯೇ, ಏಕೆಂದರೆ ದತ್ತಾಂಶದ ಲಭ್ಯತೆ ಕೆಟ್ಟರೂ ವ್ಯಾಖ್ಯೆಗೆ ಸಾಕು. ಪ್ರಾಯೋಗಿಕವಾಗಿ ಎಡವುವುದು ಲಾಗ್‌ನಲ್ಲಿ, ಅಂದರೆ ಯಾರು ಯಾವಾಗ ಏನು ತೆರೆದರೆಂಬ ದಾಖಲೆಯಲ್ಲಿ. ಲಾಗ್ ಇಲ್ಲದಿದ್ದರೆ ಯಾರ ವರದಿಯನ್ನು ಯಾರು ತೆರೆದರೆಂದು 72 ಗಂಟೆಯಲ್ಲಲ್ಲ, 72 ದಿನದಲ್ಲೂ ಹೇಳಲಾಗದು. ಅದಕ್ಕೇ ಲಾಗ್‌ಗಳನ್ನು ಒಂದು ವರ್ಷ ಇಡಬೇಕೆಂದು ನಿಯಮ ಹೇಳುತ್ತದೆ.

ಉಲ್ಲಂಘನೆ 'ಗಣನೀಯ' ಎಂದು ವಿಚಾರಣೆಯಲ್ಲಿ ಕಂಡುಬಂದರಷ್ಟೇ ದಂಡ, ಅದೂ ಸಂಸ್ಥೆಯ ಮಾತು ಕೇಳಿದ ಮೇಲೆ. ಲೋಪ ಎಷ್ಟು ಗಂಭೀರ, ಎಷ್ಟು ಕಾಲ ನಡೆಯಿತು, ಎಂಥ ದತ್ತಾಂಶ, ಮರುಕಳಿಸಿದ್ದೇ, ಅದರಿಂದ ಲಾಭ ಆಯಿತೇ, ಹಾನಿ ತಗ್ಗಿಸಲು ಯಾವಾಗ ಏನು ಮಾಡಿದರು, ದಂಡ ಆ ಸಂಸ್ಥೆಯನ್ನು ಎಷ್ಟು ತಟ್ಟೀತು, ಇವನ್ನೆಲ್ಲ ಮಂಡಳಿ ತೂಗುತ್ತದೆ. ವಹಿವಾಟಿನ ಶೇಕಡಾವಾರು ಲೆಕ್ಕ ನಮ್ಮಲ್ಲಿಲ್ಲ. ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್‌ನಲ್ಲಿ 2 ಕೋಟಿ ಯೂರೊ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ 4, ಯಾವುದು ಹೆಚ್ಚೋ ಅದು ಮೇಲ್ಮಿತಿ. 2023ರಲ್ಲಿ ಮೆಟಾಗೆ 120 ಕೋಟಿ ಯೂರೊ ದಂಡ ಬಿದ್ದದ್ದು ಆ ಲೆಕ್ಕದ ಬಲದಿಂದ. ದೈತ್ಯ ಕಂಪನಿಗಳಿಗೆ ನಮ್ಮ 250 ಕೋಟಿ ಹಗುರ, ಸಣ್ಣ ಲ್ಯಾಬ್‌ಗೆ ಅದರ ನೂರರಲ್ಲೊಂದು ಪಾಲೂ ಮಾರಕ.

ದಂಡದ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ; ವರದಿ ಬಯಲಾದ ರೋಗಿಗೆ ಅದರಿಂದ ಒಂದು ರೂಪಾಯಿಯೂ ಇಲ್ಲ. ಪರಿಹಾರ ಕೇಳಲು ಆಧಾರವಾಗಿದ್ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಸೆಕ್ಷನ್ ಕೂಡ ಈ ಕಾಯ್ದೆಯಿಂದ ರದ್ದಾಗುತ್ತದೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಇದೇ, ಪ್ರಬಂಧದ ಪ್ರಶ್ನೆ ಬಂದರೆ ಇಲ್ಲಿಂದಲೇ ಶುರು ಮಾಡಬಹುದು.

ಮೇಲ್ಮನವಿಗೆ 60 ದಿನ, ಹೋಗುವುದು ದೂರಸಂಪರ್ಕ ವಿವಾದಗಳ ಮೇಲ್ಮನವಿ ನ್ಯಾಯಮಂಡಳಿಯಾದ ಟಿಡಿಸ್ಯಾಟ್‌ಗೆ. ದಂಡದ ಸೆಕ್ಷನ್‌ಗಳು ಜಾರಿಗೆ ಬರುವುದು 2025ರ ನವೆಂಬರ್ ಅಧಿಸೂಚನೆಯಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ.