ಬಿಡಿಸಲು ಹೋದವನಿಗೂ ಶಿಕ್ಷೆ ಏಕೆ?

‘ನಮ್ಮ ಹುಡುಗ ಹೊಡೆಯಲು ಹೋಗಲಿಲ್ಲ ಸಾರ್, ಬಿಡಿಸಲು ಹೋದ.’

ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಹೊಡೆದಾಟವಾದ ಮೇಲೆ ರೆಫರಿಗಳು ವರದಿ ಬರೆಯಲು ಕುಳಿತರೆ ತಂಡದ ಮ್ಯಾನೇಜರ್ ಬಂದು ಹೇಳುವ ಮೊದಲ ಮಾತು ಇದು. ಕೈಯಲ್ಲಿ ಮೊಬೈಲ್, ಮೊಬೈಲ್‌ನಲ್ಲಿ ವಿಡಿಯೊ. ಹುಡುಗ ಎರಡೂ ಕೈ ಚಾಚಿಕೊಂಡು ಬೆಂಚಿನಿಂದ ಓಡಿ ಬರುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವನು ಬಿಡಿಸಲೆಂದೇ ಬಂದಿರಬಹುದು. ಬಹಳ ಸಲ ಅದು ನಿಜವೇ ಆಗಿರುತ್ತದೆ. ಆದರೂ ಬೆಂಚು ಬಿಟ್ಟು ಬಂದನೆಂದರೆ ಅವನ ಅಂದಿನ ಆಟ ಮುಗಿಯಿತು. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ, ಕೇಳುವವರಿಗೆ ಮಾತ್ರ ಸಾಕಾಗಿಲ್ಲ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಪ್ಲೇ ಆಫ್ ಪಂದ್ಯಗಳು (ಮೊದಲು ನಾಲ್ಕು ಪಂದ್ಯ ಗೆದ್ದ ತಂಡ ಮುಂದೆ ಹೋಗುವ ನಾಕೌಟ್ ಸರಣಿಗಳು) ಬಂದಾಗ ಇದೇ ವಾದ ದೊಡ್ಡ ಹೆಸರುಗಳೊಂದಿಗೆ ಮರಳಿ ಬರುತ್ತದೆ. ಆದ್ದರಿಂದ ಅಲ್ಲಿನ ಪ್ರಕರಣಗಳನ್ನೇ ಇಟ್ಟುಕೊಂಡು ಮಾತನಾಡುತ್ತೇನೆ. ಆ ಲೀಗ್‌ನ ಶಿಸ್ತು ವಿಚಾರಣೆಗಳಲ್ಲಿ ನಾನು ಕುಳಿತವನಲ್ಲ. ಸೀಟಿ ಹಿಡಿದು ಕೋರ್ಟ್ ಮೇಲೆ ನಿಂತವನಿಗೆ ಕಾಣುವಷ್ಟನ್ನು ಹೇಳಬಲ್ಲೆ, ಅಷ್ಟೇ.

1977ರ ಡಿಸೆಂಬರ್ 9. ಲಾಸ್ ಏಂಜಲೀಸ್ ಲೇಕರ್ಸ್ ಮತ್ತು ಹೂಸ್ಟನ್ ರಾಕೆಟ್ಸ್ ನಡುವಿನ ಪಂದ್ಯ. ಲೇಕರ್ಸ್‌ನ ಕರ್ಮಿಟ್ ವಾಷಿಂಗ್ಟನ್ ಮತ್ತು ರಾಕೆಟ್ಸ್‌ನ ಕೆವಿನ್ ಕುನರ್ಟ್ ಕೈ ಕೈ ಮಿಲಾಯಿಸಿದರು. ಅದನ್ನು ಕಂಡು ರಾಕೆಟ್ಸ್‌ನ ರೂಡಿ ಟಾಮ್‌ಜಾನೊವಿಚ್ ಓಡಿ ಬಂದರು, ಬಿಡಿಸಲೆಂದೇ. ಕಣ್ಣಂಚಿನಲ್ಲಿ ಎದುರಾಳಿಯ ಕೆಂಪು ಜೆರ್ಸಿಯೊಂದು ವೇಗವಾಗಿ ತನ್ನತ್ತ ಬರುವುದನ್ನು ಕಂಡ ವಾಷಿಂಗ್ಟನ್ ತಿರುಗಿ ಗುದ್ದಿದರು. ಓಡಿ ಬರುವವನ ವೇಗ, ಗುದ್ದುವವನ ಬಲ ಎರಡೂ ಒಂದೇ ಮುಖದ ಮೇಲೆ ಸೇರಿದವು. ತಲೆಬುರುಡೆ ಬಿರುಕು ಬಿಟ್ಟು ಮಿದುಳಿನ ದ್ರವ ಸೋರತೊಡಗಿತು. ಸ್ಕೋರ್‌ಬೋರ್ಡ್ ತಲೆಯ ಮೇಲೆ ಬಿತ್ತೆಂದು ಟಾಮ್‌ಜಾನೊವಿಚ್ ಭಾವಿಸಿದ್ದರಂತೆ. ಆ ಋತುವಿನಲ್ಲಿ ಅವರು ಮತ್ತೆ ಆಡಲಿಲ್ಲ. ವಾಷಿಂಗ್ಟನ್‌ಗೆ 60 ದಿನಗಳ ಅಮಾನತು, 10,000 ಡಾಲರ್ ದಂಡ.

ಟಾಮ್‌ಜಾನೊವಿಚ್ ಬೆಂಚಿನಿಂದ ಎದ್ದು ಬಂದವರಲ್ಲ, ಆಟದಲ್ಲೇ ಇದ್ದವರು. ಬೆಂಚಿನ ನಿಯಮ ಅವರಿಗೆ ಅನ್ವಯಿಸುತ್ತಿರಲಿಲ್ಲ. ಆದರೂ ಆ ನಿಯಮ ಏಕೆ ಬೇಕೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದೇ ಘಟನೆಯನ್ನು. ಓಡಿ ಬರುವವನ ಮನಸ್ಸಿನಲ್ಲಿ ಏನಿದೆ ಎಂಬುದು ಅವನಿಗೊಬ್ಬನಿಗೇ ಗೊತ್ತು. ಆಗಲೇ ಪೆಟ್ಟು ತಿಂದು ಉಸಿರು ಬಿಗಿಹಿಡಿದು ನಿಂತವನಿಗೆ ಕಾಣುವುದು ಎದುರು ತಂಡದ ಇನ್ನೊಂದು ಮೈ, ಅಷ್ಟೆ. ಬಿಡಿಸಲು ಬಂದವನ ಚಾಚಿದ ಕೈಗೂ ಹೊಡೆಯಲು ಬಂದವನ ಚಾಚಿದ ಕೈಗೂ ವ್ಯತ್ಯಾಸ ಹುಡುಕುವಷ್ಟು ಸಮಯ ಅವನಿಗಿಲ್ಲ. ನಮಗೂ ಇಲ್ಲ.

ರಸ್ತೆಯಲ್ಲಿ ಎರಡು ಸ್ಕೂಟರ್ ತಾಗಿದಾಗ ಸುತ್ತ ಸೇರುವವರನ್ನು ನೋಡಿ. ಕೇಳಿದರೆ ಎಲ್ಲರೂ ಬಿಡಿಸಲು ಬಂದವರೇ. ಆದರೆ ಎರಡು ನಿಮಿಷದಲ್ಲಿ ಮೊದಲಿಗಿಂತ ದೊಡ್ಡ ಜಗಳ ಎದ್ದಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಕೋರ್ಟ್‌ನಲ್ಲಿ ಹತ್ತು ಆಟಗಾರರು. ನಾವು ಆಡುವ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ತಂಡಕ್ಕೆ ಹನ್ನೆರಡು ಮಂದಿಯಾದರೆ ಎರಡು ಬೆಂಚುಗಳಲ್ಲಿ ಇನ್ನೂ ಹದಿನಾಲ್ಕು. ರೆಫರಿಗಳು ಮೂವರು, ಎಷ್ಟೋ ಕಡೆ ಇಬ್ಬರೇ. ಜಗಳ ಹತ್ತು ಜನರಲ್ಲೇ ಇದ್ದರೆ ಒಬ್ಬರು ಸಮೀಪ ಹೋಗಿ ಸೀಟಿ ಊದಿ, ಉಳಿದವರು ದೂರ ನಿಂತು ಜೆರ್ಸಿ ನಂಬರ್ ಗುರುತಿಟ್ಟುಕೊಳ್ಳುತ್ತೇವೆ. ಇಪ್ಪತ್ತನಾಲ್ಕು ಜನ ಸೇರಿದರೆ ಯಾರು ತಳ್ಳಿದರು, ಯಾರು ತಡೆದರು ಎಂದು ಹೇಳುವುದು ಯಾರಿಂದಲೂ ಆಗದು. ಆದ್ದರಿಂದ ನಿಯಮ ಉದ್ದೇಶವನ್ನು ಕೇಳುವುದಿಲ್ಲ, ನಿಂತ ಜಾಗವನ್ನು ಕೇಳುತ್ತದೆ. ನೀನು ಬೆಂಚಿನ ಬಳಿ ಇದ್ದೆಯೋ, ಇಲ್ಲವೋ? ಎನ್‌ಬಿಎಯಲ್ಲಿ ಇದಕ್ಕೆ ಕನಿಷ್ಠ ಒಂದು ಪಂದ್ಯದ ಅಮಾನತು, 50,000 ಡಾಲರ್‌ವರೆಗೆ ದಂಡ. 1993ರ ಮಾರ್ಚ್‌ನಲ್ಲಿ ಗಾಯದಿಂದಾಗಿ ಆಡದೆ, ಸಾಮಾನ್ಯ ಉಡುಪಿನಲ್ಲಿದ್ದ ನ್ಯೂಯಾರ್ಕ್ ನಿಕ್ಸ್‌ನ ಗ್ರೆಗ್ ಆಂಟನಿ ಕೋರ್ಟ್‌ಗೆ ನುಗ್ಗಿ ಫೀನಿಕ್ಸ್‌ನ ಕೆವಿನ್ ಜಾನ್ಸನ್‌ಗೆ ಗುದ್ದಿದ ನಂತರದ ವರ್ಷಗಳಲ್ಲಿ ನಿಯಮ ಬಿಗಿಯಾಗುತ್ತ ಬಂತು.

ಬಿಗಿಯಾದ ನಿಯಮ ನೋವು ಕೊಡುತ್ತದೆ, ನಿಜ. 1997ರ ಮೇ 14ರಂದು ಮಯಾಮಿ ಹೀಟ್‌ನ ಪಿ.ಜೆ. ಬ್ರೌನ್ ನಿಕ್ಸ್‌ನ ಚಾರ್ಲಿ ವಾರ್ಡ್ ಅವರನ್ನು ಎತ್ತಿ ಆಚೆಗೆ ಎಸೆದರು. ಬ್ರೌನ್‌ಗೆ ಎರಡು ಪಂದ್ಯ ನಿಷೇಧ. ನಿಕ್ಸ್‌ನ ಐವರಿಗೆ ತಲಾ ಒಂದು ಪಂದ್ಯ. ಅವರಲ್ಲಿ ನಾಲ್ವರು ಬೆಂಚು ಬಿಟ್ಟವರು, ಪ್ಯಾಟ್ರಿಕ್ ಯೂಯಿಂಗ್ ಕೂಡ. ಒಂದೇ ದಿನ ಐವರನ್ನೂ ಹೊರಗಿಟ್ಟರೆ ತಂಡವೇ ಉಳಿಯುವುದಿಲ್ಲವೆಂದು ಶಿಕ್ಷೆಯನ್ನು ಎರಡು ಪಂದ್ಯಗಳಿಗೆ ಹಂಚಬೇಕಾಯಿತು. 3-1ರಿಂದ ಮುಂದಿದ್ದ ನಿಕ್ಸ್ ಸರಣಿಯನ್ನೇ ಕಳೆದುಕೊಂಡಿತು.

ಕಾಕತಾಳೀಯವೋ ಏನೋ, ಸರಿಯಾಗಿ ಹತ್ತು ವರ್ಷದ ನಂತರ, 2007ರ ಮೇ 14ರಂದು ಇನ್ನೊಂದು. ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ರಾಬರ್ಟ್ ಹೋರಿ ಫೀನಿಕ್ಸ್ ಸನ್ಸ್‌ನ ಸ್ಟೀವ್ ನ್ಯಾಶ್ ಅವರನ್ನು ಸೊಂಟದಿಂದ ಗುದ್ದಿ ಸ್ಕೋರರ್ ಮೇಜಿಗೆ ಬಡಿಸಿದರು. ಅಮಾರೆ ಸ್ಟೌಡಮೈರ್ ಮತ್ತು ಬೋರಿಸ್ ಡಿಯಾ ಬೆಂಚಿನಿಂದ ಕೆಲವು ಹೆಜ್ಜೆ ಮುಂದೆ ಬಂದರು. ಯಾರನ್ನೂ ಮುಟ್ಟಲಿಲ್ಲ. ಇಬ್ಬರಿಗೂ ಒಂದೊಂದು ಪಂದ್ಯ ಹೋಯಿತು. ಹೋರಿಗೆ ಎರಡು. ಸರಣಿ 2-2ರಲ್ಲಿತ್ತು, ಸನ್ಸ್ ಐದನೇ ಪಂದ್ಯವನ್ನು ಮೂರೇ ಅಂಕಗಳಿಂದ ಸೋತು, ಕೊನೆಗೆ ಸರಣಿಯನ್ನೂ ಸೋತಿತು. ಫೀನಿಕ್ಸ್ ಅಭಿಮಾನಿಗಳ ಸಿಟ್ಟು ಇಂದಿಗೂ ಆರಿಲ್ಲ.

ಅವರ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ ಎಂದು ನನ್ನ ಅಭಿಪ್ರಾಯ. ಸ್ಟೌಡಮೈರ್‌ಗೆ ಕೊಟ್ಟ ಶಿಕ್ಷೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಅದೇ ಪಂದ್ಯದಲ್ಲಿ ಮೊದಲೊಮ್ಮೆ ಸ್ಪರ್ಸ್‌ನ ಟಿಮ್ ಡಂಕನ್ ಕೂಡ ಬೆಂಚು ಬಿಟ್ಟು ಕೋರ್ಟ್‌ಗೆ ಕಾಲಿಟ್ಟಿದ್ದರು. ಅಲ್ಲಿ ಜಗಳವೇ ಆಗಲಿಲ್ಲ, ಆದ್ದರಿಂದ ನಿಯಮ ಅನ್ವಯಿಸದು ಎಂದಿತು ಲೀಗ್. ನಿಯಮದ ಪ್ರಕಾರ ಸರಿಯೇ ಇರಬಹುದು. ಆದರೆ ಯಾವುದು ಜಗಳ, ಯಾವುದು ಅಲ್ಲ ಎಂಬ ತೀರ್ಮಾನ ಅಲ್ಲಿ ಹಿಂಬಾಗಿಲಿನಿಂದ ಒಳಗೆ ಬಂತು. ನನ್ನನ್ನು ಕೇಳಿದರೆ, ಆಟ ನಿಂತು ಇಬ್ಬರು ಎದುರುಬದುರಾದ ಕ್ಷಣದಿಂದಲೇ ಬೆಂಚಿನ ನಿಯಮ ಜಾರಿಯಲ್ಲಿರಬೇಕು. ಅದು ಆಮೇಲೆ ತಣ್ಣಗಾಯಿತೇ ಇಲ್ಲವೇ ಎಂದು ನೋಡಬಾರದು.

ಇನ್ನೊಂದು ಲೋಪ ಹೋರಿ ಪಡೆದ ಶಿಕ್ಷೆಯದು. ಬೆಂಚಿನಿಂದ ಬಂದು ಆಡುವ ಒಬ್ಬ ಹಿರಿಯ ಆಟಗಾರ ಎದುರಾಳಿಯ ಮುಖ್ಯ ಆಟಗಾರನನ್ನು ಕೆಡವಿ, ಅದರ ಫಲವಾಗಿ ಎದುರು ತಂಡ ಇಬ್ಬರನ್ನು ಕಳೆದುಕೊಂಡರೆ, ಎರಡು ಪಂದ್ಯ ಅಗ್ಗದ ಬೆಲೆಯೇ. ಹೋರಿ ಹಾಗೆ ಲೆಕ್ಕ ಹಾಕಿದರೆಂದು ನಾನು ಹೇಳುತ್ತಿಲ್ಲ. ಮುಂದೆ ಯಾರಾದರೂ ಹಾಕಬಹುದು, ಅಷ್ಟೇ. ಪ್ಲೇ ಆಫ್‌ನಲ್ಲಿ ಆಟದ ಚೆಂಡಿಗೆ ಸಂಬಂಧವಿಲ್ಲದ ಇಂಥ ಹೊಡೆತಕ್ಕೆ ಆ ಸರಣಿಯ ಉಳಿದ ಪಂದ್ಯಗಳೆಲ್ಲ ಹೋಗಬೇಕು. ‘ಎದುರು ತಂಡದಿಂದ ಎಷ್ಟು ಜನ ಎದ್ದು ಬಂದರೋ ಅಷ್ಟು ಪಂದ್ಯ ಇವನಿಗೂ’ ಎಂದು ಕೆಲವರು ಸೂಚಿಸುತ್ತಾರೆ. ಅದು ಬೇಡ. ಹಾಗೆ ಮಾಡಿದರೆ ಬೆಂಚು ಖಾಲಿ ಮಾಡುವುದರಲ್ಲೇ ಲಾಭ ಕಾಣುವ ಕೋಚ್‌ಗಳು ಹುಟ್ಟುತ್ತಾರೆ. ನಾನು ಕೋಚ್‌ಗಳನ್ನು ಬಲ್ಲೆ, ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಒರಟು ಆಟದ ವಿಷಯದಲ್ಲೂ ಜನ ಉದ್ದೇಶವನ್ನೇ ಹಿಡಿದು ಜಗ್ಗುತ್ತಾರೆ. ಎನ್‌ಬಿಎಯ ಫ್ಲಾಗ್ರಂಟ್ ಫೌಲ್‌, ಅಂದರೆ ಒರಟು ಫೌಲ್‌, ಕೇಳುವ ಪ್ರಶ್ನೆ ಬೇರೆ. ಮೈತಾಕುವಿಕೆ ಅನಗತ್ಯವಾಗಿತ್ತೇ? ಹಾಗಿದ್ದರೆ ಒಂದನೇ ದರ್ಜೆ. ಅನಗತ್ಯವೂ ಅತಿಯೂ ಆಗಿದ್ದರೆ ಎರಡನೇ ದರ್ಜೆ, ಆಟಗಾರ ಹೊರಗೆ. ಇವುಗಳಿಗೆ ಶಿಸ್ತಿನ ಖಾತೆಗೆ ಸೇರುವ ಅಂಕಗಳಿವೆ, ಪ್ಲೇ ಆಫ್‌ನಲ್ಲಿ ಮೂರು ಮೀರಿದರೆ ಅಮಾನತು. 2016ರ ಫೈನಲ್ಸ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಐದನೇ ಪಂದ್ಯ ಕಳೆದುಕೊಂಡಿದ್ದು ಹೀಗೆಯೇ. ಈ ಪದ್ಧತಿ ನನಗೆ ಇಷ್ಟ, ಏಕೆಂದರೆ ತನ್ನ ಖಾತೆಯಲ್ಲಿ ಎಷ್ಟಿದೆಯೆಂದು ಆಟಗಾರನಿಗೆ ಮೊದಲೇ ಗೊತ್ತಿರುತ್ತದೆ. ಅದೇ ಗ್ರೀನ್ 2023ರ ಡಿಸೆಂಬರ್‌ನಲ್ಲಿ ಫೀನಿಕ್ಸ್‌ನ ಯೂಸುಫ್ ನುರ್ಕಿಚ್ ಮುಖಕ್ಕೆ ಹೊಡೆದಾಗ ಲೀಗ್ ಕೊಟ್ಟಿದ್ದು ‘ಅನಿರ್ದಿಷ್ಟ’ ಅಮಾನತು. ಅದು 12 ಪಂದ್ಯಗಳಿಗೆ ಮುಗಿಯಿತು. ಸುಧಾರಣೆಗೆ ಅವಕಾಶ ಎಂಬ ಆಶಯ ಒಳ್ಳೆಯದೇ. ಆದರೆ ಅವಧಿ ಗೊತ್ತಿಲ್ಲದ ಶಿಕ್ಷೆಯನ್ನು ಮುಂದಿನ ಪ್ರಕರಣದೊಂದಿಗೆ ಹೋಲಿಸುವುದು ಹೇಗೆ?

ಹಣದ ದಂಡದ ಬಗ್ಗೆ ಹೆಚ್ಚು ಹೇಳಲಾರೆ. ಕೋಟಿಗಟ್ಟಲೆ ಗಳಿಸುವವರಿಗೆ ಅದು ತಟ್ಟುವುದಿಲ್ಲ. 2006ರ ಡಿಸೆಂಬರ್‌ನಲ್ಲಿ ನಿಕ್ಸ್ ಮತ್ತು ಡೆನ್ವರ್ ನಗೆಟ್ಸ್ ಹೊಡೆದಾಡಿಕೊಂಡಾಗ ಎರಡೂ ತಂಡಗಳಿಗೆ ತಲಾ 5 ಲಕ್ಷ ಡಾಲರ್ ದಂಡ ಹಾಕಿದ್ದು ಮಾತ್ರ ಸರಿಯಾದ ಬಾಗಿಲು ತಟ್ಟಿತು. ಬೆಂಚನ್ನು ಕಾಯುವುದು ತಂಡದ ಕೆಲಸ.

ಕಾಯದಿದ್ದರೆ ಏನಾಗುತ್ತದೆ ಎಂಬುದನ್ನು 2018ರ ಜುಲೈನಲ್ಲಿ ಫಿಲಿಪ್ಪೀನ್ಸ್ ಮತ್ತು ಆಸ್ಟ್ರೇಲಿಯಾ ನಡುವಿನ ವಿಶ್ವಕಪ್ ಅರ್ಹತಾ ಪಂದ್ಯ ತೋರಿಸಿತು. ಒಟ್ಟು 13 ಆಟಗಾರರು ಹೊರಗೆ, ಅವರಲ್ಲಿ ಒಂಬತ್ತು ಮಂದಿ ಫಿಲಿಪ್ಪೀನ್ಸ್‌ನವರು. ಮೂವರನ್ನೇ ಇಟ್ಟುಕೊಂಡು ತವರಿನ ತಂಡ ಸ್ವಲ್ಪ ಹೊತ್ತು ಆಡಿತು, ಬಳಿಕ ಪಂದ್ಯವೇ ನಿಂತಿತು.

ಫೀಬಾ ನಿಯಮದಲ್ಲಿ ಜಗಳವಾದಾಗ ಒಳಗೆ ಬರಲು ಹೆಡ್ ಕೋಚ್ ಮತ್ತು ಮೊದಲ ಸಹಾಯಕ ಕೋಚ್‌ಗೆ ಅನುಮತಿ ಇದೆ, ಅದೂ ನಮಗೆ ನೆರವಾಗಲು ಮಾತ್ರ. ಇಬ್ಬರೂ ಒಳಗೆ ಓಡಿ ಬಂದರೆ ಹಿಂದೆ ಬೆಂಚನ್ನು ಹಿಡಿಯುವವರು ಯಾರು? ಪಂದ್ಯಕ್ಕೆ ಮುನ್ನ ಕೋಚ್‌ಗಳನ್ನು ಇದನ್ನೇ ಕೇಳುತ್ತೇನೆ. ‘ನಮ್ಮ ಹುಡುಗರು ಹಾಗಲ್ಲ ಸಾರ್’ ಎನ್ನುತ್ತಾರೆ. ಆಗಲಿ, ಆದರೂ ಒಂದು ಹೆಸರು ಹೇಳಿ ಎಂದು ಬಿಡದೆ ನಿಲ್ಲುತ್ತೇನೆ.